ಬೋಲ್ಟಿಗೆ ಬಳಿದ ಸುಣ್ಣ

ಅಪ್ಪಯ್ಯಣ್ಣನವರು ತೀರಿಕೊಂಡ ದಿನ ನಮ್ಮ ಬೀದಿಯವರು ಆಡಿದ ಮಾತು ನೆನೆದರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ. "ಪಾಪ, ಗುಜರಿ ಕಬ್ಬಿಣ ಜೋಡಿಸ್ಕೊಂಡು ಬದುಕ್ದ ಮನುಷ್ಯ" ಅಂದರು. ಹಾಗೆ ಅಂದವರಲ್ಲಿ ಇಬ್ಬರು ಅವರು ನಿಲ್ಲಿಸಿಕೊಟ್ಟ ಷೆಡ್ಡಿನ ಕೆಳಗೆ ಮಗ್ಗ ಓಡಿಸಿ ಮಹಡಿ ಮನೆ ಕಟ್ಟಿಸಿಕೊಂಡವರು. ಆ ಮನುಷ್ಯ ಏನು ಮಾಡಿದರು, ನಾವು ಅವರಿಗೆ ಏನು ಮಾಡಿದೆವು ಎನ್ನುವುದು ಎಣಿಸಿ ಹೇಳುವ ಹಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಓದು ಮೂರನೇ ಕ್ಲಾಸಿಗೆ ನಿಂತಿತು. ಆದರೆ ನಲವತ್ತು ವರ್ಷ ಮಗ್ಗಕ್ಕೆ ಕಂಡಿಕೆ ಸುತ್ತಿದವಳಿಗೆ ಎಣಿಕೆ ತಪ್ಪುವುದಿಲ್ಲ.

ಅಪ್ಪಯ್ಯಣ್ಣನವರ ಊರು ದೊಡ್ಡಬೆಳವಂಗಲ. ಹದಿನಾರು ವರ್ಷಕ್ಕೆ ಬೆಂಗಳೂರಿಗೆ ಹೋಗಿ ಒಂದು ನೂಲಿನ ಗಿರಣಿಯಲ್ಲಿ ಫಿಟ್ಟರ ಕೈಕೆಳಗೆ ಸೇರಿದರು. ಆ ಗಿರಣಿಯ ದೊಡ್ಡ ಹಜಾರದ ಕಂಬಗಳ ಮೇಲೆ ಉಳಿಯಿಂದ ಹೊಡೆದ ಹಳೆಯ ಗುರುತುಗಳಿದ್ದವಂತೆ. ಯಾಕೆಂದು ಕೇಳಿದಾಗ ಮೇಸ್ತ್ರಿ, ಈ ಕಂಬಗಳು ಮೊದಲು ಬೇರೆ ಯಾವುದೋ ಊರಿನಲ್ಲಿ ನಿಂತಿದ್ದವು, ಅಲ್ಲಿ ಬಿಚ್ಚಿ ಇಲ್ಲಿ ತಂದು ನಿಲ್ಲಿಸಿದ್ದಾರೆ, ಯಾವುದು ಎಲ್ಲಿಗೆ ಎಂದು ತಿಳಿಯಲಿ ಅಂತ ಗುರುತು ಹೊಡೆದಿದ್ದಾರೆ ಎಂದು ಹೇಳಿದನಂತೆ. ಅದೊಂದು ಮಾತು ಇವರ ತಲೆಯಲ್ಲಿ ಕೂತುಬಿಟ್ಟಿತು. ಕಟ್ಟಡ ಎಂದರೆ ನೆಲಕ್ಕೆ ಅಂಟಿಕೊಂಡದ್ದು ಎಂದು ನಾವೆಲ್ಲ ತಿಳಿದಿದ್ದರೆ, ಇವರು ಕಟ್ಟಡವನ್ನು ಗಾಡಿಯ ಹಾಗೆ ನೋಡುತ್ತಿದ್ದರು. ಇಂದು ಇಲ್ಲಿ, ನಾಳೆ ಇನ್ನೊಂದು ಕಡೆ.

ಗಿರಣಿ ಮುಚ್ಚಿತು. ಅಪ್ಪಯ್ಯಣ್ಣ ಹೆಂಡತಿ ಅಮ್ಮಯಮ್ಮನನ್ನು ಕರೆದುಕೊಂಡು ದೊಡ್ಡಬಳ್ಳಾಪುರಕ್ಕೆ ಬಂದರು. ಆಗ ನಮ್ಮೂರಲ್ಲಿ ಎಲ್ಲಿ ನೋಡಿದರೂ ಪವರ್‌ಲೂಮು ಏಳುತ್ತಿದ್ದ ಕಾಲ. ಗಂಡ ಹೆಂಡತಿ ಇಬ್ಬರೇ ಸೇರಿ ಷೆಡ್ಡು ನಿಲ್ಲಿಸುತ್ತಿದ್ದರು. ಆತ ಮೇಲೆ, ಆಕೆ ಕೆಳಗೆ ಹಗ್ಗ ಹಿಡಿದು. ಅವರ ಕೆಲಸದಲ್ಲಿ ಒಂದು ಕಟ್ಟು ಇತ್ತು. ವೆಲ್ಡಿಂಗ್ ಮಾಡುತ್ತಿರಲಿಲ್ಲ. ಎಲ್ಲಾ ಬೋಲ್ಟು, ನಟ್ಟು.

"ಬೆಸುಗೆ ಹಾಕಿದ್ದನ್ನ ಬಿಡಿಸ್ಬೇಕಾದ್ರೆ ಕೊಲ್ಬೇಕು ತಾಯಿ. ಬೋಲ್ಟ್ ಹಾಕಿದ್ದನ್ನ ಕೇಳಿದ್ರೆ ಸಾಕು, ಬಿಡ್ತದೆ" ಎನ್ನುತ್ತಿದ್ದರು.

ಹಾಗಾಗಿ ಅವರ ಕೆಲಸ ನಿಧಾನ. ವೆಲ್ಡಿಂಗಿನವನು ಐದು ದಿನಕ್ಕೆ ಮುಗಿಸುವುದನ್ನು ಇವರು ಒಂಬತ್ತು ದಿನ ಮಾಡುತ್ತಿದ್ದರು. ಅದಕ್ಕೆ ಅವರನ್ನು ಕರೆಯುವವರು ಕಮ್ಮಿ. ನಮ್ಮೂರಿನಲ್ಲಿ ಅವರು ನಿಲ್ಲಿಸಿದ್ದು ಒಟ್ಟು ಒಂಬತ್ತು ಷೆಡ್ಡು. ಅದರಲ್ಲಿ ನಮ್ಮದು ಮೂರನೆಯದು.

ಸಾವಿರದ ಒಂಬೈನೂರ ಎಂಬತ್ತೆಂಟು, ಮಾಘ ಮಾಸ. ಅಪ್ಪಯ್ಯಣ್ಣ ದುಡಿದಿದ್ದ ಗಿರಣಿಯ ಕಬ್ಬಿಣವನ್ನೇ ಹರಾಜು ಹಾಕಿದ್ದರು. ನಮ್ಮ ಯಜಮಾನರು ಹೋಗಿ ಎರಡು ಲಾರಿ ತುಂಬ ತಂದರು. ಲಾರಿ ಬಂದು ನಿಂತದ್ದು ಶನಿವಾರ. ನಮ್ಮ ಮೈದುನ ಕೋದಂಡರಾಮಯ್ಯ ಬಾಗಿಲಲ್ಲಿ ಎರಡು ಕೈ ಅಗಲಿಸಿ ನಿಂತುಬಿಟ್ಟ.

"ಶನಿವಾರ ಕಬ್ಬಿಣ ಇಳಿಸ್ತಾರಾ? ಅದೂ ಹಳೇ ಕಬ್ಬಿಣ! ಮನೆ ಉದ್ಧಾರ ಆದಂಗೆ!"

ಅಪ್ಪಯ್ಯಣ್ಣ ಲಾರಿಯ ಮೇಲೆ ಕೂತಿದ್ದವರು ಕೆಳಗೆ ನೋಡಿದರು. "ಈ ಕಬ್ಬಿಣ ಕಮ್ಮಿ ಅಂದ್ರೂ ಮೂರು ಸಾವ್ರ ಶನಿವಾರ ನೋಡದೆ ಸ್ವಾಮಿ. ಇನ್ನೊಂದು ನೋಡಿದ್ರೆ ಏನಾಯ್ತದೆ?"

"ನಿಮ್ಗೇನ್ರೀ, ನೀವು ಇಳಿಸಿ ಹೋಗ್ತೀರಾ. ಇಲ್ಲಿರೋರು ನಾವು."

ಕೊನೆಗೆ ಎರಡು ಲಾರಿಯೂ ಭಾನುವಾರ ಬೆಳಗಾಗುವವರೆಗೆ ಬೀದಿಯಲ್ಲೇ ನಿಂತವು. ಕೋದಂಡರಾಮಯ್ಯನಿಗೆ ಸಮಾಧಾನ ಆಯಿತು. ಅವನ ಸಮಾಧಾನಕ್ಕೆ ಒಂದಿಡೀ ಬೀದಿ ಗಾಡಿ ಓಡಾಡದೆ ಕೂತಿತು.

ಷೆಡ್ಡು ಅರವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲ. ಎರಡು ಸಾಲಿನಲ್ಲಿ ಏಳೇಳರಂತೆ ಹದಿನಾಲ್ಕು ಕಂಬ. ಎದುರು ಬದುರು ಕಂಬಗಳ ಮೇಲೆ ಮಾಡು ಹೊರುವ ಚೌಕಟ್ಟು, ಅದಕ್ಕೆ ಟ್ರಸ್ಸು ಅನ್ನುತ್ತಿದ್ದರು, ಅಂಥವು ಏಳು. ಅದರ ಮೇಲೆ ಎಂಟು ಸಾಲು ಅಡ್ಡಪಟ್ಟಿ, ಅದರ ಮೇಲೆ ತಗಡು. ಪ್ರತಿ ಕಂಬದ ಬುಡದಲ್ಲಿ ಒಂದು ದಪ್ಪ ತಟ್ಟೆ, ತಟ್ಟೆಗೆ ನಾಲ್ಕು ಬೋಲ್ಟು. ತಗಡಿನ ಕೊಕ್ಕೆ ಬಿಟ್ಟು ಉಳಿದ ಬೋಲ್ಟೆಲ್ಲ ಸೇರಿ ಇನ್ನೂರ ಎಂಬತ್ತು. ಹಾಕುವಾಗ ಅಮ್ಮಯಮ್ಮ ಎಣಿಸಿ ಕೊಡುತ್ತಿದ್ದಳು, ಪಕ್ಕದಲ್ಲಿ ಕೂತು ನಾನೂ ಎಣಿಸಿದೆ. ಕಂಬ, ಟ್ರಸ್ಸು, ಪಟ್ಟಿ, ಒಂದೊಂದಕ್ಕೂ ಅಪ್ಪಯ್ಯಣ್ಣ ಉಳಿಯಿಂದ ಗುರುತು ಹೊಡೆದರು. ಮೂಡಲ ಸಾಲಿಗೆ ನೆಟ್ಟಗಿನ ಗೀಟು, ಪಡುವಲ ಸಾಲಿಗೆ ಓರೆ ಗೀಟು. ಒಂದನೇ ಕಂಬಕ್ಕೆ ಒಂದು, ಏಳನೇ ಕಂಬಕ್ಕೆ ಏಳು.

ಕೆಲಸ ಮುಗಿದ ದಿನ ನಮ್ಮ ಯಜಮಾನರ ಕೈಗೆ ಒಂದು ಡಬ್ಬಿ ಗ್ರೀಸು ಕೊಟ್ಟರು.

"ವರ್ಷಕ್ಕೊಂದ್ಸಲ ಬುಡದ ಬೋಲ್ಟಿಗೆ ಇದನ್ನ ಬಳೀರಿ. ಮೇಲಿನವು ತಗಡಿನ ಕೆಳಗವೆ, ನೀರು ಸೋಕಲ್ಲ, ಅವುಕ್ಕೆ ನಾನು ಬಳಿದಿರೋದೇ ಸಾಕು. ಬುಡ ಮಾತ್ರ ಮರೀಬೇಡಿ. ಇಷ್ಟು ಮಾಡಿದ್ರೆ ಯಾವತ್ತು ಬೇಕಾದ್ರೂ ಬಿಚ್ಚಿ, ಎಲ್ಲಿ ಬೇಕಾದ್ರೂ ನಿಲ್ಸಿಕೊಡ್ತೀನಿ. ಒಂದು ಚೂರೂ ದಂಡ ಆಗಲ್ಲ."

"ಬಿಚ್ಚೋಕ್ಕೆ ಕಟ್ಸಿದ್ವಾ ನಾವು? ಬಿಡ್ತು ಅನ್ನಿ" ಎಂದಳು ವರಲಕ್ಷ್ಮಮ್ಮ. ಅವಳು ಕೋದಂಡರಾಮಯ್ಯನ ಹೆಂಡತಿ.

ಹನ್ನೆರಡು ಮಗ್ಗ ಹಾಕಿದೆವು. ನಾಲ್ಕು ನಮ್ಮವು, ಎಂಟು ಮೈದುನನವು. ಷೆಡ್ಡಿನಲ್ಲೂ ಮೂರರಲ್ಲಿ ಒಂದು ಭಾಗ ನಮ್ಮದು.

ಆ ಬೇಸಿಗೆಯಲ್ಲೇ ಅನಾಹುತ ಆಯಿತು. ಧಾರೆ ಸೀರೆಗೆ ಎಂದು ತಿಳಿ ಅರಿಶಿನ ಬಣ್ಣದ ಹಾಸು, ಅಂದರೆ ಉದ್ದದ ಎಳೆ, ಮಗ್ಗಕ್ಕೆ ಏರಿಸಿದ್ದೆವು. ನೇಯುವ ಆಳು ಕಂಬಕ್ಕೆ ಒರಗಿ ಬೀಡಿ ಸೇದಿ, ಬುಡದ ಗ್ರೀಸು ಮೆತ್ತಿದ ಕೈಯಲ್ಲೇ ಬಂದು ಕಿತ್ತುಹೋದ ಎಳೆ ಕಟ್ಟಿದ. ಅಂಗೈ ಅಗಲದ ಕಪ್ಪು. ಆರು ಸೀರೆಯ ಹಾಸು ಹಾಳಾಯಿತು. ನೇಯುವವರ ಮನೆಯಲ್ಲಿ ಗ್ರೀಸು ಎಂದರೆ ಹೇಲಿಗಿಂತ ಕಡೆ. ಹೇಲನ್ನಾದರೂ ತೊಳೆಯಬಹುದು. ನಾನು ಸೋಪಿನ ಪುಡಿ ಹಾಕಿ ಕಂಬದ ಬುಡ ಹದಿನಾಲ್ಕನ್ನೂ ತಿಕ್ಕಿ ತಿಕ್ಕಿ ಗ್ರೀಸು ತೆಗೆದೆ. ಉಳಿದ ಡಬ್ಬಿಯನ್ನು ವರಲಕ್ಷ್ಮಮ್ಮ ತಿಪ್ಪೆಗೆ ಎಸೆದಳು.

ಆಯುಧಪೂಜೆ ಬಂತು. ಕಂಬದ ಬುಡ ಬರಿದಾಗಿ, ಕೆಂಪಗೆ, ಬೋಳು ಬೋಳಾಗಿ ಕಾಣುತ್ತಿತ್ತು. ಹಬ್ಬಕ್ಕೆ ಸುಣ್ಣ ಬಳಿಯುವುದು ನಮ್ಮ ಪದ್ಧತಿ. ಗೋಡೆಗೆ ಬಳಿದು ಮಿಕ್ಕ ಸುಣ್ಣವನ್ನು ಕಂಬಗಳಿಗೂ ಎದೆಮಟ್ಟ ಬಳಿದೆ. ಬೆಳ್ಳಗೆ, ಚೆಂದ ಕಂಡಿತು. ಸುಣ್ಣ ಉದುರದೆ ಗಟ್ಟಿಯಾಗಿ ಹಿಡಿಯಲಿ ಎಂದು ಬಕೆಟ್ಟಿಗೆ ಎರಡು ಹಿಡಿ ಕಲ್ಲುಪ್ಪು ಹಾಕುತ್ತೇವೆ. ಅದನ್ನೂ ಹಾಕಿದ್ದೆ. ಅದರ ಮೇಲೆ ಅರಿಶಿನ, ಕುಂಕುಮ, ನಿಂಬೆಹಣ್ಣು. ಬುಡಕ್ಕೆ ಒಡೆದ ಬೂದುಗುಂಬಳದ ಹೋಳು. ಆ ಹೋಳು ನಾಲ್ಕನೇ ದಿನಕ್ಕೆ ಕೊಳೆತು, ಲೋಳೆಯಾಗಿ, ನೊಣ ಮುತ್ತಿ, ಐದನೇ ದಿನ ತೆಗೆಯುತ್ತಿದ್ದೆವು. ಬೇಸಿಗೆಯಲ್ಲಿ ನೂಲು ಒಣಗಿ ಕಿತ್ತುಹೋಗದಿರಲಿ ಎಂದು ದಿನಕ್ಕೆ ಮೂರು ಸಲ ನೆಲಕ್ಕೆ ನೀರು ಚಿಮುಕಿಸುತ್ತಿದ್ದೆವು. ಉಪ್ಪು, ನೀರು, ಹುಳಿ. ಎಂಟು ಆಯುಧಪೂಜೆ. ಪ್ರತಿ ವರ್ಷ ಹಳೆ ಸುಣ್ಣದ ಮೇಲೆ ಹೊಸ ಸುಣ್ಣ. ನಡುವೆ ನಮ್ಮ ಯಜಮಾನರು ತೀರಿಹೋದರು. ಸುಣ್ಣ ಬಳಿಯುವುದನ್ನು ನಾನು ಬಿಡಲಿಲ್ಲ.

ತೊಂಬತ್ತಾರರಲ್ಲಿ ಯುಗಾದಿ ಕಳೆದ ಮೇಲೆ ರಸ್ತೆ ಅಗಲ ಮಾಡುವವರು ಬಂದು, ನಮ್ಮ ಷೆಡ್ಡಿನ ನಡುವೆ, ಪಕ್ಕದ ಮುನಿರಾಮಯ್ಯನ ಷೆಡ್ಡಿನ ನಡುವೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು ಹೋದರು. ಮೂವತ್ತು ದಿನ ವಾಯಿದೆ. ಮುನಿರಾಮಯ್ಯನದು ಇಟ್ಟಿಗೆ ಗೋಡೆ, ಮೇಲೆ ಕಾಂಕ್ರೀಟಿನ ಮೋಲ್ಡು. ಮಗ್ಗದ ಅದುರಿಗೆ ಗೋಡೆ ಮೂರು ಕಡೆ ಬಿರಿದಿತ್ತು. ಆದರೂ ಅವನಿಗೆ ಜಂಬ. ಎಂಟು ವರ್ಷವೂ ನಮ್ಮದನ್ನು ನೋಡಿ "ಏನ್ ಕೋದಂಡರಾಮಯ್ಯ, ಗುಜರಿ ಅಂಗ್ಡೀಲಿ ಮಗ್ಗ ಇಟ್ಟಿದ್ದೀರಾ?" ಎಂದು ಕೇಳಿದವನು. ಕೋದಂಡರಾಮಯ್ಯನಿಗೆ ಆ ಮಾತು ಮೈಗೆ ಹತ್ತಿತ್ತು. ಕೆಂಪು ಗೆರೆ ಬಿದ್ದ ದಿನವೇ ಹೇಳಿದ: ಈ ಕಬ್ಬಿಣ ಗುಜರಿಗೆ ಹಾಕುವುದು, ಊರ ಹೊರಗಿನ ನಮ್ಮ ರಾಗಿ ಹೊಲದಲ್ಲಿ ಇಟ್ಟಿಗೆ ಗೋಡೆ ಎಬ್ಬಿಸಿ ಮೋಲ್ಡ್ ಹಾಕಿಸುವುದು. ಆ ಹೊಸ ಷೆಡ್ಡಿನಲ್ಲಿ ಅವನ ಎಂಟು ಮಗ್ಗಕ್ಕೆ ಮಾತ್ರ ಜಾಗ.

"ನಿನ್ನ ನಾಲ್ಕು ಮಗ್ಗ ಆಮೇಲೆ ನೋಡೋಣ ಅತ್ತಿಗೆ" ಎಂದ.

ಆಮೇಲೆ ಎಂದರೆ ಏನೆಂದು ನನಗೆ ಗೊತ್ತಿತ್ತು. ನಾನು ಹೋಗಿ ಅಪ್ಪಯ್ಯಣ್ಣನವರನ್ನು ಕರೆತಂದೆ. ಆಗ ಅವರಿಗೆ ಅರವತ್ತೊಂದು. ಎರಡು ವರ್ಷದಿಂದ ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ಅವರು ನಿಲ್ಲಿಸಿದ ಒಂಬತ್ತರಲ್ಲಿ ನಾಲ್ಕನ್ನು ಆಗಲೇ ಗ್ಯಾಸ್ ಕಟರಿನಿಂದ ಕತ್ತರಿಸಿ ಗುಜರಿಗೆ ಹಾಕಿದ್ದರು. ಬಿಚ್ಚಿ ಕೊಡಿ ಎಂದು ಒಬ್ಬರೂ ಕೇಳಿರಲಿಲ್ಲ.

"ನೀನು ಕೇಳ್ದೆಯಲ್ಲ ತಾಯಿ, ನೀನೊಬ್ಬಳೇ ಕೇಳ್ದೋಳು" ಎಂದರು. ದಾರಿಯುದ್ದಕ್ಕೂ ಚಪ್ಪಲಿ ಸದ್ದು ಬೇಗ ಬೇಗ ಕೇಳುತ್ತಿತ್ತು. ಒಂದು ಷೆಡ್ಡಾದರೂ ಎದ್ದು ನಡೆದು ಇನ್ನೊಂದು ಕಡೆ ನಿಲ್ಲುವುದನ್ನು ಊರಿಗೆ ತೋರಿಸುವುದು ಅವರಿಗೆ ಉಳಿದಿದ್ದ ಆಸೆ.

ಮಗ್ಗಗಳನ್ನು ಎತ್ತಿ ಹೊರಗಿಟ್ಟಾಗಿತ್ತು. ಅಪ್ಪಯ್ಯಣ್ಣ ಮೂಡಲ ಸಾಲಿನ ಮೊದಲನೇ ಕಂಬದ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೋಲ್ಟು ಕಾಣಲಿಲ್ಲ. ಬುಡದಲ್ಲಿ ನಾಲ್ಕು ಬೆರಳು ದಪ್ಪ ಬಿಳಿ ಗಡ್ಡೆ, ಅದರೊಳಗೆ ಕುಂಕುಮದ ಪದರ, ಕೂದಲು, ಸತ್ತ ನೊಣ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಗಡ್ಡೆಯ ಒಂದು ಹೋಳು ಕಳಚಿ ಬಿತ್ತು. ಒಳಗಿನಿಂದ ಕೆಂಪು ನೀರು ಒಸರಿತು, ಹುಣ್ಣಿನಿಂದ ಬರುವ ಹಾಗೆ. ಉಪ್ಪು ನೀರು ಹೀರಿಕೊಂಡು ಆ ಸುಣ್ಣ ಎಂಟು ವರ್ಷ ಒಣಗಿಯೇ ಇರಲಿಲ್ಲ.

ಪಾನ, ಅಂದರೆ ಸ್ಪ್ಯಾನರು, ಹಾಕಿ ತಿರುಗಿಸಿದರು. ಬೋಲ್ಟು ಅಲುಗಲಿಲ್ಲ. ಪಾನದ ಹಿಡಿಗೆ ಕೊಳವೆ ತೂರಿಸಿ ಗಂಡ ಹೆಂಡತಿ ಇಬ್ಬರೂ ತೂಗಿದರು. ಅಲುಗಲಿಲ್ಲ. ಎರಡನೇ ಕಂಬ, ಮೂರನೇ ಕಂಬ. ನಾಲ್ಕನೆಯದರಲ್ಲಿ ಬೋಲ್ಟಿನ ತಲೆಯೇ ಸವೆದು ಪಾನ ಜಾರಿ ಅಪ್ಪಯ್ಯಣ್ಣನವರ ಬೆರಳ ಗೆಣ್ಣಿನ ಚರ್ಮ ಕಿತ್ತುಹೋಯಿತು.

ಕೋದಂಡರಾಮಯ್ಯ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. ಬೇಲಿಯಾಚೆ ಮುನಿರಾಮಯ್ಯನೂ ಬಂದು ನಿಂತ.

"ಏನ್ರೀ ಅಪ್ಪಯ್ಯಣ್ಣ, ಕೇಳಿದ್ರೆ ಬಿಡ್ತದೆ ಅಂತಿದ್ರಿ? ಕೇಳಿ ಮತ್ತೆ, ಜೋರಾಗಿ ಕೇಳಿ" ಎಂದ ಕೋದಂಡರಾಮಯ್ಯ.

"ಕಿವಿ ಕೇಳಿಸಲ್ವೇನೋ ಅದುಕ್ಕೆ, ವಯಸ್ಸಾಗದೆ" ಎಂದ ಮುನಿರಾಮಯ್ಯ.

ಇಬ್ಬರೂ ನಕ್ಕರು. ಅಪ್ಪಯ್ಯಣ್ಣ ನಗಲಿಲ್ಲ. ಗೆಣ್ಣು ಬಾಯಿಗಿಟ್ಟುಕೊಂಡು ಆ ಗಡ್ಡೆಯನ್ನೇ ನೋಡುತ್ತಿದ್ದರು. "ಇದು ಯಾರು ಬಳಿದದ್ದು?" ಎಂದು ಕೇಳಿದರು.

ವರಲಕ್ಷ್ಮಮ್ಮ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಯಾರು ಬಳಿದ್ರೇನು? ಬೋಲ್ಟ್ ಒಳ್ಳೇದಾಗಿದ್ರೆ ಸುಣ್ಣ ಏನ್ ಮಾಡ್ತಿತ್ತು? ಹರಾಜಿನ ಮಾಲು ತಂದ್ರಿ, ಹರಾಜಿನ ಬೋಲ್ಟೇ ಹಾಕಿದ್ರಿ. ನಾಳಿದ್ದು ಗುಜರಿಯವ್ನು ಬರ್ತಾನೆ, ಕತ್ತರಿಸ್ಕೊಂಡು ಹೋಗ್ತಾನೆ, ಮುಗೀತು" ಎಂದ ಕೋದಂಡರಾಮಯ್ಯ.

ಅದು ಸುಳ್ಳು. ಬೋಲ್ಟು ಹೊಸವೇ, ಪೆಟ್ಟಿಗೆ ಒಡೆದು ತೆಗೆದದ್ದನ್ನು ನಾನೇ ನೋಡಿದ್ದೆ, ಎಣಿಸಿದ್ದೆ. ಆದರೂ ಬಾಯಿ ಬಿಡಲಿಲ್ಲ. ಅಪ್ಪಯ್ಯಣ್ಣ ಪಾನಗಳನ್ನು ಗೋಣಿಚೀಲಕ್ಕೆ ಹಾಕಿಕೊಂಡು ಹೋದರು. ಅಮ್ಮಯಮ್ಮ ಹೋಗುತ್ತಾ ಒಂದು ಸಲ ತಿರುಗಿ ನನ್ನನ್ನು ನೋಡಿದಳು. ಬೇರೆಯವರ ಮೇಲೆ ಅಸಹ್ಯ ಪಡುವುದು ಸುಲಭ. ಅವತ್ತು ನನ್ನ ಮೈ ನನಗೇ ನಾರುತ್ತಿತ್ತು.

ಮೂರನೇ ದಿನ ಬೆಳಗ್ಗೆ ಗುಜರಿಯವನು ಬಂದ. ಎರಡು ಸಿಲಿಂಡರು, ಕಟರು. ಎಲೆ ಅಡಿಕೆ ಅಗಿಯುತ್ತ ಕಂಬಗಳನ್ನು ಸುತ್ತು ಹಾಕಿದ. "ಮಾಲು ಭಾರಿ ಗಟ್ಟಿ ಐತೆ" ಎಂದು ಹೇಳಿ ಐದನೇ ಕಂಬದ ಮೇಲೆ ಪಿಚಕ್ಕನೆ ಉಗಿದ. ಅರಿಶಿನ ಕುಂಕುಮ ಹಚ್ಚಿದ ಕಂಬ. ಕೋದಂಡರಾಮಯ್ಯ ನೋಡಿಯೂ ಸುಮ್ಮನಿದ್ದ. ಶನಿವಾರ ಲಾರಿ ತಡೆದ ಅದೇ ಕೋದಂಡರಾಮಯ್ಯ. ಅವನ ಮಡಿ ಎಲ್ಲಾ ಇಷ್ಟೇ ಎಂದು ನನಗೆ ಆವಾಗ ತಿಳಿಯಿತು.

ನಾನು ಹೋಗಿ ಆ ಕಂಬಕ್ಕೆ ಬೆನ್ನು ಕೊಟ್ಟು ಕೂತೆ.

"ಏಳು ಅತ್ತಿಗೆ, ಬೆಂಕಿ ಕಿಡಿ ಹಾರ್ತದೆ."

"ಈ ಷೆಡ್ಡಲ್ಲಿ ಮೂರರಲ್ಲಿ ಒಂದು ಭಾಗ ನಂದು ಹೌದೋ ಅಲ್ವೋ?"

"ಹೌದು. ಯಾರು ಇಲ್ಲ ಅಂದೋರು? ತೂಕ ಹಾಕಿಸಿ ನಿನ್ನ ಪಾಲು ಕೊಡ್ತೀನಿ."

"ತೂಕ ಬೇಡ ಕಣಪ್ಪಾ. ಹದಿನಾಲ್ಕು ಕಂಬದಾಗೆ ನಂದ್ಯಾವುದು ಅಂತ ತೋರ್ಸು. ಏಳು ಟ್ರಸ್ಸಲ್ಲಿ ನಂದ್ಯಾವುದು ತೋರ್ಸು. ಅದನ್ನ ಬಿಟ್ಟು ಮಿಕ್ಕಿದ್ದು ಕತ್ತರಿಸ್ಕೋ."

ಹದಿನಾಲ್ಕನ್ನು ಮೂರರಿಂದ ಭಾಗಿಸಿದರೆ ಸರಿಯಾಗಿ ಬರುವುದಿಲ್ಲ. ಅವನು ಬೆರಳು ಮಡಿಸಿ ನೋಡಿದ. ಗುಜರಿಯವನು ನಕ್ಕುಬಿಟ್ಟ. "ಸ್ವಾಮೇರಾ, ನೀವು ಮನೇಲಿ ಪಂಚಾಯ್ತಿ ಮುಗಿಸ್ಕಳಿ. ಆಮೇಲೆ ಕರೀರಿ" ಎಂದ.

"ಇನ್ನೊಂದು ಮಾತು" ಎಂದೆ. ಬೇಲಿಯಾಚೆ ಮುನಿರಾಮಯ್ಯ ನಿಂತದ್ದು ಕಾಣುತ್ತಿತ್ತು, ಅವನಿಗೂ ಕೇಳಲಿ ಎಂದೇ ಜೋರಾಗಿ ಹೇಳಿದೆ. "ಸುಣ್ಣ ಬಳಿದೋಳು ನಾನು. ಎಂಟು ವರ್ಷ. ಉಪ್ಪು ಹಾಕಿ ಬಳಿದೆ. ಅಪ್ಪಯ್ಯಣ್ಣ ಗ್ರೀಸ್ ಕೊಟ್ಟಿದ್ರು, ನಾವು ತಿಪ್ಪೆಗೆ ಹಾಕಿದ್ವಿ. ಬೋಲ್ಟು ಹೊಸವು, ಪೆಟ್ಟಿಗೆ ಒಡೆಯುವಾಗ ನಾನಿದ್ದೆ. ಅವ್ರದ್ದೇನೂ ತಪ್ಪಿಲ್ಲ."

"ಈಗ ಹೇಳ್ತೀಯಾ?" ಎಂದಳು ವರಲಕ್ಷ್ಮಮ್ಮ, ಮೆಲ್ಲಗೆ.

"ಈಗ ಹೇಳ್ತಾ ಇದೀನಿ."

ಕೋದಂಡರಾಮಯ್ಯ ಹತ್ತು ದಿನ ಕೊಟ್ಟ. ಹತ್ತನೇ ದಿನದೊಳಗೆ ಕಂಬ ಮಲಗಿದರೆ ಹೊಲದಲ್ಲಿ ಅವನ್ನೇ ನಿಲ್ಲಿಸುವುದು, ಇಲ್ಲದಿದ್ದರೆ ಕಟರೇ ಸರಿ ಎಂದ. ವಾಯಿದೆಯಲ್ಲಿ ಉಳಿದಿದ್ದದ್ದು ಇಪ್ಪತ್ತು ದಿನ.

ನಾನು ಅಪ್ಪಯ್ಯಣ್ಣನವರ ಮನೆ ಬಾಗಿಲಿಗೆ ಹೋಗಿ ಅದೇ ಮಾತನ್ನು ಇನ್ನೊಂದು ಸಲ ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. "ಉಪ್ಪು ಯಾಕೆ ಹಾಕ್ದೆ ತಾಯಿ?" ಎಂದು ಮಾತ್ರ ಕೇಳಿದರು. ಸುಣ್ಣ ಹಿಡಿಯಲಿ ಎಂದು, ಎಂದೆ. "ಹಿಡೀತಲ್ಲ" ಎಂದರು.

ಮೊದಲ ಮೂರು ದಿನ ಪಾನ ಮುಟ್ಟಲಿಲ್ಲ. ನಾನೂ ಅಮ್ಮಯಮ್ಮನೂ ಕೂತು ಹಳೆ ಕುಡುಗೋಲಿನ ತುಂಡಿನಲ್ಲಿ ಗಡ್ಡೆ ಕೆರೆದೆವು. ಹದಿನಾಲ್ಕು ಬುಡ. ಸುಣ್ಣ, ಕುಂಕುಮ, ಕೊಳೆತ ಕುಂಬಳದ ಬೀಜ, ಇಲಿ ಕೂದಲು, ಯಾರದೋ ತಾಯಿತ. ಕೈಯೆಲ್ಲ ಬಿರಿದು ಉರಿಯಿತು. ಮೂರು ಮಂಕರಿ ತುಂಬಿತು.

"ದೇವ್ರ ಹೆಸರಲ್ಲಿ ಇಷ್ಟು ಕೊಳಕು ನಾನೆಲ್ಲೂ ನೋಡಿಲ್ಲ ಕಣಮ್ಮ" ಎಂದಳು ಅಮ್ಮಯಮ್ಮ.

"ಬಳಿವಾಗ ಬೆಳ್ಳಗೇ ಇತ್ತು."

"ನಮ್ಮ ಯಜಮಾನ್ರು ಎರಡು ದಿನ ಮಾತೇ ಆಡ್ಲಿಲ್ಲ, ಗೊತ್ತಾ? ಬೋಲ್ಟ್ ಬಿಗಿಯುವಾಗ ನಾನೇ ಏನೋ ತಪ್ಪು ಮಾಡಿರ್ಬೇಕು ಅಂತ ಒಂದೊಂದೇ ನೆನೆಸ್ಕೊಂಡು ಕೂತಿದ್ರು. ನಿನ್ನ ಬೈಯಣ ಅಂತ ಬಂದೆ. ಈ ಗಡ್ಡೆ ನೋಡಿದ್ಮೇಲೆ ಬೈಯೋಕೂ ಬಾಯಿ ಬರ್ತಿಲ್ಲ, ವಾಂತಿ ಬರ್ತದೆ."

ಇಬ್ಬರಿಗೂ ನಗು ಬಂತು. ಆ ಮೂರು ದಿನದಲ್ಲಿ ನಕ್ಕದ್ದು ಅದೊಂದೇ ಸಲ.

ಕೆರೆದಂತೆಲ್ಲ ಕಂಬದ ಮೇಲಿನ ಗುರುತು ಕಾಣತೊಡಗಿತು. ನೆಟ್ಟಗಿನ ಗೀಟು ಒಂದು, ಎರಡು, ಮೂರು. ಅದರ ಕೆಳಗೆ ಇನ್ನೂ ಹಳೆಯ ಗುರುತು, ಗಿರಣಿಯದು. ಅದರ ಪಕ್ಕ ಇನ್ನೂ ಸವೆದದ್ದು ಒಂದು, ಗಿರಣಿಗಿಂತ ಮೊದಲಿನ ಊರಿನದು. ಆ ಕಂಬ ನಿಂತ ಮೂರನೇ ಜಾಗ ನಮ್ಮದು. ಅದನ್ನು ನಾವು ಎಂಟು ವರ್ಷದಲ್ಲಿ ಕೊಳೆಯಿಸಲು ನೋಡಿದೆವು.

ಅಪ್ಪಯ್ಯಣ್ಣ ಐವತ್ತಾರು ಬೋಲ್ಟಿಗೂ ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆ ಸುತ್ತಿದರು. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಸುತ್ತಿಗೆಯ ತುದಿಯಿಂದ ಒಂದೊಂದರ ತಲೆಗೂ ನಾಲ್ಕು ನಾಲ್ಕು ಪೆಟ್ಟು, ಮಗುವಿನ ಬೆನ್ನು ತಟ್ಟುವಷ್ಟೇ ಹಗುರ. ನಾಲ್ಕನೇ ದಿನ ಪಾನ ಹಾಕಿದರು. ಮೂಡಲ ಸಾಲಿನ ಮೊದಲನೇ ಕಂಬ. ಕಿರ್ ಎಂದು ಒಂದು ಸದ್ದು. ಅಪ್ಪಯ್ಯಣ್ಣ ಕೈ ಬಿಟ್ಟು, ಉಸಿರು ಬಿಟ್ಟು, ಮತ್ತೆ ಹಿಡಿದರು. ನಟ್ಟು ತಿರುಗಿತು.

ಐವತ್ತಾರರಲ್ಲಿ ನಲವತ್ತೇಳು ತಿರುಗಿದವು. ಒಂಬತ್ತು ತಿರುಗಲೇ ಇಲ್ಲ. ಆ ಒಂಬತ್ತನ್ನು ಕೈಗರಗಸದಿಂದ ಕೊಯ್ದರು, ಒಂದೊಂದಕ್ಕೆ ಮುಕ್ಕಾಲು ಗಂಟೆ. ಎರಡು ಕಂಬದ ಬುಡದ ತಟ್ಟೆ ತುಕ್ಕು ತಿಂದು ಬಿಸ್ಕತ್ತಿನ ಹಾಗೆ ಮುರಿಯಿತು, ಅವಕ್ಕೆ ಬೇರೆ ತಟ್ಟೆ ಹಾಕಬೇಕಾಯಿತು. ಮೇಲಿನ ಇನ್ನೂರ ಇಪ್ಪತ್ತನಾಲ್ಕು ಬೋಲ್ಟು, ನನ್ನ ಸುಣ್ಣ ಮುಟ್ಟದವು, ಹತ್ತಿಯ ಧೂಳು ಮುಚ್ಚಿಕೊಂಡು ಹಾಕಿದ ದಿನದ ಹಾಗೇ ಇದ್ದವು. ಅಪ್ಪಯ್ಯಣ್ಣ ಎರಡು ಬೆರಳಿನಲ್ಲಿ ಬಿಚ್ಚುತ್ತಿದ್ದರು. ಒಂಬತ್ತನೇ ದಿನ ಮಧ್ಯಾಹ್ನಕ್ಕೆ ಹದಿನಾಲ್ಕು ಕಂಬವೂ ಮಲಗಿದವು.

ಅದೇ ವಾರ ಪಕ್ಕದಲ್ಲಿ ಮುನಿರಾಮಯ್ಯನ ಷೆಡ್ಡು ಒಡೆಯಲು ಶುರು ಮಾಡಿದರು. ಎಂಟು ಆಳು ಹಾರೆ ಸುತ್ತಿಗೆ ಹಿಡಿದು ಹನ್ನೊಂದು ದಿನ ಒಡೆದರು. ಧೂಳು ನಮ್ಮ ಅನ್ನದಲ್ಲಿ, ನೀರಿನಲ್ಲಿ, ಕಣ್ಣಿನಲ್ಲಿ. ಇಟ್ಟಿಗೆಯಲ್ಲಿ ನೂರಕ್ಕೆ ಹತ್ತು ಇಡಿಯಾಗಿ ಬಂದಿದ್ದರೆ ಹೆಚ್ಚು. ಮೋಲ್ಡಿನೊಳಗಿನ ಕಂಬಿ ಕರುಳಿನ ಹಾಗೆ ಜೋತಾಡುತ್ತಿತ್ತು. ಒಡೆದದ್ದನ್ನು ಎಲ್ಲಿಗೆ ಹಾಕುವುದು? ನಮ್ಮ ಬೀದಿಯ ಹಿಂದೆ ಒಂದು ನೀರಿನ ಕುಂಟೆ ಇತ್ತು. ನಮ್ಮ ಅತ್ತೆಯ ಕಾಲದಿಂದ ಹೆಂಗಸರು ಬಣ್ಣ ಹಾಕುವ ಮೊದಲು ನೂಲು ಜಾಲಿಸುತ್ತಿದ್ದ ಕುಂಟೆ. ಅದರೊಳಕ್ಕೆ ಟ್ರ್ಯಾಕ್ಟರು ಹಿಂದೆ ಹಿಂದೆ ಬಂದು ಸುರಿಯಿತು. ನಾನು ಎಣಿಸಿದೆ, ಇಪ್ಪತ್ತೆರಡು ಲೋಡು. ನೀರು ಬಿಳಿಚಿ, ಆಮೇಲೆ ಹಸಿರಾಗಿ, ಆಮೇಲೆ ನಾರಿ, ಸತ್ತ ಕಪ್ಪೆಗಳು ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು.

"ಏನಪ್ಪಾ ಮುನಿರಾಮಯ್ಯ, ಕುಂಟೆಗೆ ಸುರಿಸ್ತಿದ್ದೀಯಲ್ಲ?" ಎಂದು ಕೇಳಿದೆ.

"ಕುಂಟೆ ಯಾರಪ್ಪನ್ದು ಅಕ್ಕ?" ಎಂದ.

ಅವನ ಹೊಸ ಷೆಡ್ಡಿಗೆ ಮತ್ತೆ ಇಟ್ಟಿಗೆ ಬಂತು. ಇಟ್ಟಿಗೆ ಗೂಡಿನವರು ಯಾರದೋ ಹೊಲದ ಮೇಲ್ಮಣ್ಣು ಆಳುದ್ದ ಬಗೆದು, ಹುಣಸೆಮರ ಕಡಿದು ಸುಟ್ಟ ಇಟ್ಟಿಗೆ. ಮತ್ತೆ ಹೊಳೆಯ ಮರಳು, ಮತ್ತೆ ಮೋಲ್ಡು. ಒಂದು ಕೊಳೆಸಿದ್ದಾಯಿತು, ಇನ್ನೊಂದಕ್ಕೆ ತಯಾರಿ.

ನಮ್ಮದರಲ್ಲಿ ಬಿಸಾಡಿದ್ದು ಇಷ್ಟು: ಕೊಯ್ದ ಒಂಬತ್ತು ಬೋಲ್ಟು, ಮುರಿದ ಎರಡು ತಟ್ಟೆ, ತೂತು ಬಿದ್ದ ಹನ್ನೊಂದು ತಗಡು, ಹಳೆ ತಳಪಾಯದ ಜಲ್ಲಿ ಅರ್ಧ ಲೋಡು, ಮತ್ತೆ ನನ್ನ ಮೂರು ಮಂಕರಿ ಸುಣ್ಣ. ಬೋಲ್ಟು ತಟ್ಟೆ ತಗಡನ್ನು ಗುಜರಿಯವನು ಒಯ್ದ, ಅದು ಕರಗಿ ಇನ್ನೊಂದು ಏನೋ ಆಗುತ್ತದೆ ಎಂದರು ಅಪ್ಪಯ್ಯಣ್ಣ. ಜಲ್ಲಿಯನ್ನು ಹೊಸ ತಳಪಾಯಕ್ಕೇ ತುಂಬಿಸಿದರು. ರಾಗಿ ಹೊಲದ ಮೂಲೆಯಲ್ಲಿ ಹದಿನಾಲ್ಕು ಗುಂಡಿ, ಒಂಬತ್ತು ಮೂಟೆ ಸಿಮೆಂಟು. ಗುರುತು ನೋಡಿ ಒಂದಕ್ಕೆ ಒಂದು, ಎರಡಕ್ಕೆ ಎರಡು. ಪಡುವಲ ಸಾಲಿನ ಆರನೇ ಕಂಬ ನಿಲ್ಲಿಸುವಾಗ ಹಗ್ಗ ಹಿಡಿಯಲು ಅಮ್ಮಯಮ್ಮನ ಜೊತೆ ನಾನೂ ನಿಂತೆ. ಮುಂಗಾರಿನ ಮೊದಲ ಹನಿ ಬೀಳುವ ಹೊತ್ತಿಗೆ ತಗಡು ಹೊದಿಸಿಯಾಗಿತ್ತು. ಹನ್ನೆರಡು ಮಗ್ಗಕ್ಕೂ ಮೊದಲಿನ ಜಾಗವೇ ಸಿಕ್ಕಿತು, ನನ್ನ ನಾಲ್ಕೂ ಸೇರಿ. ಮುನಿರಾಮಯ್ಯನ ಹೊಸ ಮೋಲ್ಡಿಗೆ ಆಗಿನ್ನೂ ಕೆಳಗಿಂದ ಆಸರೆಗೋಲು ಕೊಟ್ಟೇ ಇದ್ದರು.

ಊರವರು ನೋಡಲು ಬಂದರು. ಕೋದಂಡರಾಮಯ್ಯ ಒಂದೊಂದು ಕಂಬವನ್ನೂ ತಟ್ಟಿ ತೋರಿಸಿದ. "ನಾನು ಅವತ್ತೇ ಹೇಳಿದ್ದೆ, ಬೋಲ್ಟ್ ಹಾಕ್ಸಿ ಅಂತ. ದೂರದೃಷ್ಟಿ ಬೇಕು ಕಣ್ರೀ." ಅಪ್ಪಯ್ಯಣ್ಣ ಅಲ್ಲೇ ಪಾನಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ. ಥೂ ಎಂದು ಬಾಯಿಗೆ ಬಂತು ನನಗೆ. ನುಂಗಿದೆ. ಗುಜರಿಯವನು ಉಗಿದ ಹಾಗೆ ನಾನೂ ಉಗಿಯುವುದು ಬೇಡ ಎಂದು.

ಹೊರಡುವಾಗ ಅಪ್ಪಯ್ಯಣ್ಣ ಏನೂ ಕೊಡಲಿಲ್ಲ. ನಾನೇ ಕೇಳಿದೆ. "ಗ್ರೀಸ್ ಡಬ್ಬಿ?"

"ಅಂಗ್ಡೀಲಿ ಸಿಕ್ತದೆ ತಾಯಿ" ಎಂದರು, ಅಷ್ಟೇ.

ಆಯುಧಪೂಜೆ ಬಂತು. ವರಲಕ್ಷ್ಮಮ್ಮ ಬಕೆಟ್ಟಿನಲ್ಲಿ ಸುಣ್ಣ ಕಲಸಿಕೊಂಡು ಬಂದು ಷೆಡ್ಡಿನ ಬಾಗಿಲಲ್ಲಿಟ್ಟಳು. "ಹೊಸ ಜಾಗ, ಕಂಬ ಬರೀ ಕಪ್ಪಗವೆ ಅಕ್ಕ. ಬಳಿ, ಚೆಂದ ಕಾಣ್ತವೆ" ಎಂದಳು. ಬೆರಳು ಅದ್ದಿ ನಾಲಗೆಗಿಟ್ಟು ನೋಡಿದೆ. ಉಪ್ಪಾಗಿತ್ತು.

ಬಕೆಟ್ಟನ್ನು ಎತ್ತಿಕೊಂಡು ಹೋಗಿ ಬೇಲಿಯ ಹೊರಗೆ ಸುರಿದು ಬಂದೆ. ಮಗ್ಗಗಳ ಮೇಲಿನ ಹಾಸಿನ ಎಳೆಗಳಿಗೆಲ್ಲ ಹಳೆ ಸೀರೆ ಹೊದಿಸಿದೆ. ಅಂಗಡಿಯಿಂದ ತಂದಿಟ್ಟಿದ್ದ ಗ್ರೀಸ್ ಡಬ್ಬಿ ತೆರೆದೆ. ಗ್ರೀಸಿನ ನಾತ ನನಗೆ ಇವತ್ತಿಗೂ ತಡೆಯಲಾಗದು. ಬಟ್ಟೆಯಲ್ಲಿ ಬಳಿದರೆ ಬೋಲ್ಟಿನ ಸಂದಿಗೆ ಇಳಿಯುವುದಿಲ್ಲ. ಬರಿಗೈಯಲ್ಲಿ ತೆಗೆದು ಬಳಿದೆ. ಹದಿನಾಲ್ಕು ಬುಡ, ಐವತ್ತಾರು ಬೋಲ್ಟು. ಆಮೇಲೆ ಪ್ರತಿ ಬುಡಕ್ಕೂ ಗೋಣಿಚೀಲ ಕಟ್ಟಿದೆ, ಯಾವ ಆಳಿನ ಕೈಗೂ ತಾಗದ ಹಾಗೆ. ಎಂಟು ವರ್ಷ ಮೊದಲೇ ಹಾಗೆ ಮಾಡಲು ಬುಡಕ್ಕೊಂದು ಗೋಣಿಚೀಲ ಸಾಕಾಗಿತ್ತು. ನನಗೆ ಹೊಳೆದಿರಲಿಲ್ಲ. ಅರಿಶಿನ ಕುಂಕುಮವನ್ನು ಎದೆಮಟ್ಟದಲ್ಲಿ ಇಟ್ಟೆ. ಕುಂಬಳಕಾಯಿಯನ್ನು ಬಾಗಿಲ ಹೊರಗೆ ಒಡೆದೆ.

ಪೂಜೆಗೆ ಅಪ್ಪಯ್ಯಣ್ಣನವರನ್ನು ಕರೆದಿದ್ದೆ. ಬಂದರು. ಚಪ್ಪಲಿ ಹೊರಗೆ ಬಿಟ್ಟು ಸೀದಾ ಮೂಡಲ ಸಾಲಿನ ಮೊದಲನೇ ಕಂಬಕ್ಕೆ ಹೋದರು. ಗೋಣಿ ಸರಿಸಿ, ಬೋಲ್ಟಿನ ಸುತ್ತ ಬೆರಳು ಆಡಿಸಿದರು. ಕಪ್ಪಾದ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಕೈ ನೋಡಿದರು. ಉಗುರಿನ ಸಂದಿಯೆಲ್ಲ ಕಪ್ಪು, ಮೂರು ಸಲ ತೊಳೆದರೂ ಹೋಗಿರಲಿಲ್ಲ.

"ಒಂದು ಲೋಟ ಮಜ್ಜಿಗೆ ಕೊಡು ತಾಯಿ" ಎಂದರು.

ಅದೇ ಕೈಯಲ್ಲಿ ಕೊಟ್ಟೆ. ಲೋಟದ ಮೇಲೆ ನನ್ನ ಹೆಬ್ಬೆರಳಿನ ಕಪ್ಪು ಬಿತ್ತು. ಅವರು ಒರೆಸದೆ ಕುಡಿದರು.